ನಲವತ್ತಮೂರು ತಲೆ, ಒಂದು ಅಗ್ಗಿಷ್ಟಿಕೆ

ಡಿಸೆಂಬರ್ ಬಂತೆಂದರೆ ಓದುವ ಮಕ್ಕಳಿರುವ ಮನೆಗೆ ಒಂದು ಚೀಟಿ ಬರುತ್ತದೆ. ಮೊದಲು ಸೈಕ್ಲೋಸ್ಟೈಲ್ ಆಗಿ ಬರುತ್ತಿತ್ತು, ಆಮೇಲೆ ಜೆರಾಕ್ಸ್ ಆಯಿತು, ಈಗ ಅಪ್ಪನ ಮೊಬೈಲಿಗೇ ಬಂದು ಬೀಳುತ್ತದೆ. ಒಕ್ಕಣೆ ಮಾತ್ರ ಬದಲಾಗಿಲ್ಲ. ‘ನನ್ನ ಮಗ/ಮಗಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕಳುಹಿಸಲು ನನ್ನ ಒಪ್ಪಿಗೆ ಇರುತ್ತದೆ. ಪ್ರವಾಸದ ಕಾಲದಲ್ಲಿ ಏನೇ ಅನಾಹುತ ಸಂಭವಿಸಿದರೂ ಕಾಲೇಜು ಜವಾಬ್ದಾರಿಯಲ್ಲ.’ ಕೆಳಗೊಂದು ಚುಕ್ಕಿಗೆರೆ. ಅಪ್ಪ ಊಟಕ್ಕೆ ಕೂತಿರುವ ಹೊತ್ತು ನೋಡಿ ಮಕ್ಕಳು ಅದನ್ನು ಮುಂದೆ ಹಿಡಿಯುತ್ತಾರೆ. ಎಡಗೈಯಲ್ಲಿ ಒಂದು ಸಹಿ ಬೀಳುತ್ತದೆ. ಮುಗಿಯಿತು.

ಆ ಚುಕ್ಕಿಗೆರೆಯ ಇನ್ನೊಂದು ಬದಿಯಲ್ಲಿ ನಾನು ಬಹಳ ವರ್ಷ ನಿಂತಿದ್ದೆ. ಚರಿತ್ರೆಯ ಮೇಷ್ಟ್ರಾದ ತಪ್ಪಿಗೆ ಪ್ರವಾಸದ ಉಸ್ತುವಾರಿ ಪ್ರತಿ ವರ್ಷ ನನ್ನ ಹೆಗಲಿಗೇ ಬರುತ್ತಿತ್ತು. ಬೇಲೂರು ಹಳೇಬೀಡು, ಶ್ರವಣಬೆಳಗೊಳ, ತಲಕಾಡು ಎಲ್ಲ ಮುಗಿದ ಮೇಲೆ ಹುಡುಗರು ಒಂದೇ ರಾಗ ಹಿಡಿದರು: ‘ಸಾರ್, ಈ ಸಲ ದೇವಸ್ಥಾನ ಬೇಡ, ಊಟಿ.’ ಅದು 1997ರ ಡಿಸೆಂಬರ್. ಆ ಪ್ರವಾಸದ ಕಥೆಯನ್ನು ಇಷ್ಟು ವರ್ಷ ಬರೆಯದೆ ಇಟ್ಟುಕೊಂಡಿದ್ದೆ. ತಪ್ಪು ನನ್ನದೇ ಆಗಿದ್ದರಿಂದ ಬರೆಯಲು ಕೈ ಬರಲಿಲ್ಲ ಎಂದರೂ ಸರಿಯೇ.

ನಮ್ಮದು ಗುರುಪುರದ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಕೆಂಪು ನೆಲದಲ್ಲಿ ಹೊಗೆಸೊಪ್ಪೇ ದುಡ್ಡಿನ ಬೆಳೆ. ಮೇ ತಿಂಗಳಲ್ಲಿ ನಾಟಿ, ಮಳೆಗಾಲದಲ್ಲಿ ಎಲೆ ಮುರಿದು ಬ್ಯಾರನ್ನಿನಲ್ಲಿ ಬೇಯಿಸುವ ಕೆಲಸ, ಆಮೇಲೆ ಕಟ್ಟೆಮಳಲವಾಡಿಯಂಥ ಹರಾಜು ಕಟ್ಟೆ. ಡಿಸೆಂಬರಿನ ಹೊತ್ತಿಗೆ ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ನಮ್ಮ ಕಾಲೇಜಿನ ಪ್ರವಾಸ ಚಳಿಗಾಲಕ್ಕೆ ಬೀಳುತ್ತಿದ್ದುದಕ್ಕೆ ಪಂಚಾಂಗ ಕಾರಣವಲ್ಲ, ಈ ಹರಾಜು ಕಟ್ಟೆ ಕಾರಣ.

ಗುರುಪುರ ಎಂದರೆ ಟಿಬೆಟನ್ನರ ಊರೂ ಹೌದು. 1970ರ ದಶಕದ ಮೊದಲಲ್ಲಿ ಅವರಿಗಾಗಿ ಇಲ್ಲಿ ರಬ್ಗೇಲಿಂಗ್ ಎಂಬ ವಸತಿ ಎದ್ದಿತು. ಗ್ಯುಮೇ ಮಠದ ಭಿಕ್ಷುಗಳ ಕಡುಗೆಂಪು ಬಟ್ಟೆ ನಮ್ಮ ಮಕ್ಕಳಿಗೆ ಹುಟ್ಟಿನಿಂದ ಕಂಡ ಬಣ್ಣ. ನನ್ನ ತರಗತಿಯಲ್ಲಿ ಆ ವಸತಿಯ ಒಬ್ಬ ಹುಡುಗಿ ಇದ್ದಳು. ಚಳಿಗಾಲ ಬಂದರೆ ಅವಳ ತಾಯಿ ಸ್ವೆಟರಿನ ಗಂಟು ಕಟ್ಟಿಕೊಂಡು ದೂರದ ಪಟ್ಟಣಗಳಿಗೆ ವ್ಯಾಪಾರಕ್ಕೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ತಾತ ಒಬ್ಬರೇ. ಚೀಟಿಗೆ ಸಹಿ ಹಾಕಿಸಲು ನಾನೇ ಹೋದಾಗ ಆ ತಾತ ತಮ್ಮ ತುಂಡು ಕನ್ನಡದಲ್ಲಿ ಕೇಳಿದರು: ‘ಮೇಷ್ಟ್ರೇ, ನಾವು ಚಳಿ ಬಿಟ್ಟು ಬಂದ್ವಿ. ನೀವು ದುಡ್ಡು ಕೊಟ್ಟು ಚಳಿಗೆ ಹೋಗೋದು?’ ನಾನು ನಕ್ಕೆ. ಅವರು ನಗಲಿಲ್ಲ. ಒಳಗೆ ಹೋಗಿ, ಮಾರಾಟವಾಗದೆ ಉಳಿದಿದ್ದ ಉಣ್ಣೆಯ ಟೋಪಿ, ಕಾಲುಚೀಲಗಳನ್ನು ಒಂದು ಚೀಲದಲ್ಲಿ ತುಂಬಿ ಮೊಮ್ಮಗಳ ಕೈಗೆ ಕೊಟ್ಟರು.

ಹುಡುಗರು ಇಪ್ಪತ್ತೈದು, ಹುಡುಗಿಯರು ಹದಿನೆಂಟು, ಒಟ್ಟು ನಲವತ್ತಮೂರು. ಜೊತೆಗೆ ನಾನು, ನಮ್ಮ ಕನ್ನಡದ ಮೇಡಂ, ಡ್ರೈವರ್ ಮತ್ತು ಕ್ಲೀನರ್. ಪ್ರವಾಸ ಹೋದ ಮೇಷ್ಟ್ರಿಗೆ ಪ್ರೇಕ್ಷಣೀಯ ಸ್ಥಳ ಎಂಬುದು ಇರುವುದಿಲ್ಲ. ಅವನು ನೋಡುವುದು ಬರೀ ತಲೆಗಳನ್ನು. ನಂಜನಗೂಡಿನಲ್ಲಿ ಕಾಫಿ ಕುಡಿದು ಎಣಿಸಿದೆ, ನಲವತ್ತಮೂರು. ಗುಂಡ್ಲುಪೇಟೆಯಲ್ಲಿ ಎಣಿಸಿದೆ. ಬಂಡೀಪುರ ದಾಟಿ, ತೆಪ್ಪಕಾಡಿನಲ್ಲಿ ಆನೆ ನೋಡಲು ಇಳಿದವರನ್ನು ಹತ್ತಿಸುವಾಗ ನಲವತ್ತೆರಡೇ ಆಯಿತು! ಎದೆ ಧಸಕ್ಕೆಂದಿತು. ಒಬ್ಬ ಬಸ್ಸಿನ ಹಿಂಬದಿಯ ಸೀಟಿನಡಿ ಮಲಗಿದ್ದ. ಗೂಡಲೂರು ಬಿಟ್ಟು ನಡುವಟ್ಟಂ ಕಡೆ ಬಸ್ಸು ಏರತೊಡಗಿದ ಮೇಲೆ ಎಣಿಸುವ ಕೆಲಸವೇ ತಪ್ಪಿತು. ಅರ್ಧ ತಲೆಗಳು ಕಿಟಕಿಯಿಂದ ಹೊರಗಿದ್ದವು. ಲಿಂಬೆಹಣ್ಣು ಹಂಚುತ್ತ ಮೇಡಂ ಹಿಂದೆ ಮುಂದೆ ಓಡಾಡಿ ಸುಸ್ತಾದರು.

ಊಟಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. 1848ರಲ್ಲಿ ಆರಂಭವಾದ ಸಸ್ಯೋದ್ಯಾನ, ಅಲ್ಲಿರುವ ಕಲ್ಲಾದ ಮರದ ದಿಮ್ಮಿ, 1908ರಿಂದ ಊಟಿವರೆಗೂ ಏರಿ ಬರುತ್ತಿರುವ ಹಲ್ಲುಹಳಿಯ ರೈಲು, ಮೈಸೂರು ಅರಸರ ಫರ್ನ್‌ಹಿಲ್ ಅರಮನೆ. ನಾನು ಇಸವಿ ಹೇಳುತ್ತ ಹೋದೆ, ಅವರು ಫೋಟೋ ತೆಗೆಸಿಕೊಳ್ಳುತ್ತ ಹೋದರು. ನಿಜವಾದ ಪಾಠ ಆದದ್ದು 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ದಾರಿಯಲ್ಲಿ. ಕ್ಯಾರೆಟ್ ಮಾರುತ್ತಿದ್ದ ಒಬ್ಬ ಬಡಗ ಅಜ್ಜಿ ಪಕ್ಕದವಳೊಡನೆ ತನ್ನ ಭಾಷೆಯಲ್ಲಿ ಏನೋ ಅಂದಳು. ನಮ್ಮ ಹುಡುಗಿಯರು ಗಕ್ಕನೆ ನಿಂತರು. ‘ಸಾರ್, ಅರ್ಥ ಆಗ್ತಿದೆ!’ ಬಡಗ ನುಡಿ ಕನ್ನಡಕ್ಕೆ ಬಲು ಹತ್ತಿರದ್ದು, ಮೈಸೂರು ಸೀಮೆಯಿಂದ ವಲಸೆ ಬಂದವರು ತಾವೆಂದು ಬಡಗರು ಹೇಳಿಕೊಳ್ಳುತ್ತಾರೆ, ‘ದೊಡ್ಡಬೆಟ್ಟ’ ಎಂಬ ಹೆಸರಿಗೆ ನಮಗೆ ಯಾವ ಟೀಕೆಯೂ ಬೇಕಿಲ್ಲ. ಇದನ್ನು ತರಗತಿಯಲ್ಲಿ ಹೇಳಿದ್ದರೆ ಆಕಳಿಸುತ್ತಿದ್ದರು. ಅಲ್ಲಿ ಅಜ್ಜಿಯ ಸುತ್ತ ಕೂತು ಅರ್ಧ ಗಂಟೆ ಮಾತಾಡಿದರು. ಪ್ರವಾಸ ಏಕೆ ಬೇಕು ಎಂದು ಕೇಳುವ ತಂದೆತಾಯಿಗಳಿಗೆ ನಾನು ಇಂದಿಗೂ ಈ ಅರ್ಧ ಗಂಟೆಯನ್ನು ತೋರಿಸುತ್ತೇನೆ.

ಸಂಜೆ ಆಯಿತು. ಚಳಿ ಏನೆಂದು ಆಗ ಗೊತ್ತಾಯಿತು. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ ಎಂಬುದು ಭೂಗೋಳದ ಲೆಕ್ಕ. ಹಾಗಾಗಿ ಹುಣಸೂರಿಗಿಂತ ಅಲ್ಲಿ ಯಾವಾಗಲೂ ಎಂಟು ಹತ್ತು ಡಿಗ್ರಿ ಕಡಿಮೆಯೇ. ಮೋಡವಿಲ್ಲದ, ಗಾಳಿಯಿಲ್ಲದ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಕೂತು ಹುಲ್ಲಿನ ಮೇಲೆ ಬಿಳಿ ಹಿಮದ ಹುಡಿ ಕಟ್ಟುತ್ತದೆ. ಅದನ್ನು ಬೆಳಿಗ್ಗೆ ನೋಡುವ ಆಸೆಯಿಂದಲೇ ನಾವು ರಾತ್ರಿ ಉಳಿದದ್ದು.

ಲಾಡ್ಜು ಅಗ್ಗದ್ದು. ಹುಡುಗರಿಗೆ ಮೂರು ಕೋಣೆ, ಹುಡುಗಿಯರಿಗೆ ಎರಡು. ಮೂಲೆಯ ಕೋಣೆಗೆ ಎಂಟು ಹುಡುಗರು. ಅದರ ಕಿಟಕಿ ಗಾಳಿಗೆ ಎದುರಾಗಿತ್ತು, ಒಂದು ಗಾಜು ಒಡೆದಿತ್ತು. ಹುಡುಗರು ಹಲ್ಲು ಕಟಕಟಿಸುತ್ತ ನನ್ನ ಬಳಿ ಬಂದರು. ಲಾಡ್ಜಿನ ಹುಡುಗ, ‘ಇಪ್ಪತ್ತು ರೂಪಾಯಿ ಕೊಡಿ ಸಾರ್, ಇದ್ದಲಿನ ಅಗ್ಗಿಷ್ಟಿಕೆ ಇದೆ, ಒಂದೇ ಇರೋದು’ ಎಂದ. ಕೊಟ್ಟೆ. ಕಬ್ಬಿಣದ ಬಾಂಡಲೆ ತುಂಬ ಕೆಂಡ ಬಂತು. ಹೊಗೆಯಿಲ್ಲ, ವಾಸನೆಯಿಲ್ಲ, ಕೆಂಪಗೆ ಸಂಪಿಗೆಯ ಹಾಗಿತ್ತು. ಹುಡುಗರು ಒಡೆದ ಗಾಜಿಗೆ ರಟ್ಟು ಸಿಕ್ಕಿಸಿದರು, ಸಂದಿಗಳಿಗೆಲ್ಲ ಪತ್ರಿಕೆಯ ಹಾಳೆ ತುರುಕಿದರು. ‘ಶಹಭಾಸ್’ ಎಂದವನು ನಾನೇ. ಹನ್ನೊಂದು ಗಂಟೆಗೆ ಕೊನೆಯ ಸಲ ಎಣಿಸಿದೆ. ನಲವತ್ತಮೂರು. ಮಲಗಿದೆ.

ಎರಡೂವರೆ ಇರಬೇಕು, ಯಾರೋ ಬಾಗಿಲು ಗುದ್ದಿದರು. ಬಾಗಿಲು ತೆಗೆದರೆ ಮೂಲೆಕೋಣೆಯ ಹುಡುಗನೊಬ್ಬ ಗೋಡೆಗೆ ಒರಗಿ ನಿಂತಿದ್ದ. ‘ಸಾ, ಬಿರ್ನೆ ಬನ್ನಿ. ನಮ್ ರೂಮಲ್ಲಿ ಯಾರೂ ಏಳ್ತಾ ಇಲ್ಲ’ ಎಂದವನೇ ಅಲ್ಲೇ ಕುಸಿದ.

ಆ ಕೋಣೆಯೊಳಗೆ ಬೆಚ್ಚಗಿತ್ತು. ಅದನ್ನು ನಾನು ಮರೆಯಲಾರೆ. ಏಳು ಜನ ಸಾಲಾಗಿ ಮಲಗಿದ್ದರು, ಒಬ್ಬನ ಕೆನ್ನೆ ಕೆಂಪಗಿತ್ತು, ಸುಖನಿದ್ದೆಯಂತೆ ಕಾಣುತ್ತಿತ್ತು. ಕೆನ್ನೆಗೆ ಹೊಡೆದರೂ ಕಣ್ಣು ಬಿಡಲಿಲ್ಲ. ಡ್ರೈವರ್, ಕ್ಲೀನರ್, ನಾನು, ಪಕ್ಕದ ಕೋಣೆಯ ಹುಡುಗರು ಸೇರಿ ಒಬ್ಬೊಬ್ಬರನ್ನೇ ಎಳೆದು ಹೊರಗಿನ ವರಾಂಡಕ್ಕೆ ಹಾಕಿದೆವು. ಚಳಿಗಾಳಿ ಬಡಿದ ಮೇಲೆ ಒಬ್ಬ ವಾಂತಿ ಮಾಡಿದ, ಇನ್ನೊಬ್ಬ ನರಳಿದ. ಇಬ್ಬರು ಮಾತ್ರ ಎಚ್ಚರಾಗಲಿಲ್ಲ. ಡ್ರೈವರ್ ಬಸ್ಸು ಚಾಲೂ ಮಾಡಿದ. ಎಂಟು ಜನರನ್ನೂ ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಆಮ್ಲಜನಕದ ಮುಖವಾಡ ಹಾಕಿದರು. ಮುಂಜಾನೆ ಐದರ ಹೊತ್ತಿಗೆ ಆ ಇಬ್ಬರೂ ಕಣ್ಣು ಬಿಟ್ಟರು. ರಾತ್ರಿಪಾಳಿಯ ವೈದ್ಯರು ನನ್ನನ್ನು ಬೈಯಲಿಲ್ಲ. ‘ಬೆಳಿಗ್ಗೆವರೆಗೆ ನೋಡದೆ ಇದ್ದಿದ್ದರೆ...’ ಎಂದು ಅರ್ಧಕ್ಕೆ ನಿಲ್ಲಿಸಿದರು. ಹೊರಗೆ ಬಂದೆ. ಹುಲ್ಲಿನ ಮೇಲೆ ಬಿಳಿ ಹಿಮ ಕಟ್ಟಿತ್ತು. ನಾವು ನೋಡಲು ಬಂದಿದ್ದ ದೃಶ್ಯ ಅದೇ. ನೋಡಲು ಅಲ್ಲಿ ಇದ್ದವನು ನಾನೊಬ್ಬನೇ.

ನಾನು ಚರಿತ್ರೆಯ ಮೇಷ್ಟ್ರು, ರಸಾಯನಶಾಸ್ತ್ರ ಗೊತ್ತಿರಲಿಲ್ಲ ಎನ್ನುವುದು ನೆಪವಾಗಲಾರದು. ಊರಿಗೆ ಬಂದ ಮೇಲೆ ಸಹೋದ್ಯೋಗಿಯೊಬ್ಬರು ಬಿಡಿಸಿ ಹೇಳಿದರು. ಇದ್ದಲು ಉರಿಯಲು ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಮಲಗಿದವನಿಗೆ ಇದ್ಯಾವುದೂ ತಿಳಿಯುವುದೇ ಇಲ್ಲ. ಹೊಗೆಯಿಲ್ಲದ ಕೆಂಡ ನಿರಪಾಯಕಾರಿ ಎಂದು ನಾವೆಲ್ಲ ನಂಬಿದ್ದೇವೆ. ಕೋಣೆಯಲ್ಲಿ ಒಂದು ಬಕೆಟ್ ನೀರಿಟ್ಟರೆ ಸಾಕು ಎನ್ನುವವರೂ ಇದ್ದಾರೆ. ಎರಡೂ ಸುಳ್ಳು. ಈ ಅನಿಲ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಆ ಒಬ್ಬ ಹುಡುಗ ಎದ್ದದ್ದು ಹೇಗೆ? ಆಸ್ಪತ್ರೆಯ ಮಂಚದ ಮೇಲೆ ಕೇಳಿದೆ. ‘ಬ್ಯಾರನ್ ಕಾಯೋ ಅಭ್ಯಾಸ ಸಾ’ ಎಂದ. ಅವರ ಮನೆಯ ಬ್ಯಾರನ್ನಿಗೆ ರಾತ್ರಿಯ ಹೊತ್ತು ಸೌದೆ ಒಟ್ಟುವ ಕೆಲಸ ಅವನದು. ಒಂದು ಬ್ಯಾರನ್ ಬೇಯಿಸಲು ಐದಾರು ದಿನ ಬೇಕು. ಅಷ್ಟು ದಿನವೂ ರಾತ್ರಿ ನಡುನಡುವೆ ಎದ್ದು ಬೆಂಕಿ ನೋಡಬೇಕು. ಉರಿ ಹೆಚ್ಚಿದರೆ ಎಲೆ ಕೆಡುತ್ತದೆ, ಇಳಿದರೆ ಬಣ್ಣ ಹೋಗುತ್ತದೆ. ಆ ರಾತ್ರಿಯೂ ಬೆಂಕಿ ನೋಡಬೇಕೆಂದು ಕನಸಿನಲ್ಲೇ ಎದ್ದನಂತೆ. ತಲೆ ಒಡೆದುಹೋಗುವಷ್ಟು ನೋವು, ಕಾಲು ನಿಲ್ಲಲಿಲ್ಲ. ಅವನ ಹಾಸಿಗೆ ಬಾಗಿಲ ಬುಡದಲ್ಲಿತ್ತು. ತೆವಳಿ ಅಗುಳಿ ತೆಗೆದ. ಬಾಗಿಲಡಿಯ ಸಂದಿಗೆ ತುರುಕಲು ಪತ್ರಿಕೆ ಸಾಲದೆ ಹೋದದ್ದೇ ಅವನ ಪುಣ್ಯ, ನಮ್ಮೆಲ್ಲರ ಪುಣ್ಯ.

ನಮ್ಮ ಕಡೆಯ ಬ್ಯಾರನ್ ನೋಡದವರಿಗೆ ಒಂದು ಮಾತು. ಅದರ ಒಲೆಯ ಬಾಯಿ ಇರುವುದು ಹೊರಗೆ. ಬೆಂಕಿಯ ಬಿಸಿ ಕಬ್ಬಿಣದ ಕೊಳವೆಗಳೊಳಗೆ ಹರಿದು ಬ್ಯಾರನ್ನನ್ನು ಕಾಯಿಸುತ್ತದೆ. ಹೊಗೆ ಚಿಮಣಿಯಿಂದ ಆಚೆ ಹೋಗುತ್ತದೆ. ಎಲೆಗೆ ಒಂದೆಳೆ ಹೊಗೆಯೂ ತಾಗಬಾರದು. ಕೆಳಗೆ ಗಾಳಿಕಿಂಡಿ, ಮೇಲೆ ಗಾಳಿಕಿಂಡಿ, ಒಳಗೆ ತೂಗುಹಾಕಿದ ಉಷ್ಣಮಾಪಕ, ಅದನ್ನು ಹೊರಗಿನಿಂದ ನೋಡಲು ಒಂದು ಗಾಜಿನ ಕಂಡಿ. ಹೊಗೆಸೊಪ್ಪಿಗೆ ಇಷ್ಟು ಕಾಳಜಿ! ನಾನು ಎಂಟು ಮಕ್ಕಳನ್ನು ಕೆಂಡದ ಜೊತೆ ಒಂದು ಕೋಣೆಗೆ ಹಾಕಿ, ಕಿಂಡಿಗಳನ್ನೆಲ್ಲ ಮುಚ್ಚಿಸಿ, ಶಹಭಾಸ್ ಎಂದು ಹೇಳಿ ಬಂದಿದ್ದೆ.

ಹುಡುಗಿಯರ ಕಡೆ ಏನಾಗಿತ್ತು ಎಂದು ಮೇಡಂ ಆಮೇಲೆ ಹೇಳಿದರು. ಆ ತಾತನ ಚೀಲ ಬಿಚ್ಚಿ ಎಲ್ಲರೂ ಟೋಪಿ, ಕಾಲುಚೀಲ ಹಾಕಿಕೊಂಡು, ಇದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ತೊಟ್ಟು, ನಾಲ್ಕು ನಾಲ್ಕು ಜನ ಒತ್ತಾಗಿ ಮಲಗಿ ರಾತ್ರಿ ಕಳೆದಿದ್ದರು. ಚಳಿಯಿಂದ ಬಂದವರಿಗೆ ಚಳಿಯ ಉಪಾಯ ಗೊತ್ತಿತ್ತು. ಬೆಚ್ಚಗಾಗಬೇಕಾದದ್ದು ಮೈ, ಕೋಣೆಯಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆಯಲಿಲ್ಲ. ಬಂಡೀಪುರದ ಹತ್ತಿರ ನಾಲ್ಕೈದು ಜನ ನನ್ನ ಸೀಟಿನ ಬಳಿ ಬಂದರು. ‘ಸಾರ್, ಮನೇಲಿ ಹೇಳ್ಬೇಡಿ. ಏನೂ ಆಗಿಲ್ವಲ್ಲ.’ ಒಬ್ಬ ಹುಡುಗಿ ಅಂದಳು: ‘ಹೇಳಿದ್ರೆ ಮುಂದಿನ ವರ್ಷ ನಮ್ಮನ್ನ ಯಾರೂ ಕಳಿಸಲ್ಲ ಸಾರ್.’ ಆ ಮಾತು ಸುಳ್ಳಾಗಿರಲಿಲ್ಲ. ಹುಡುಗರಿಗಾದ ಅನಾಹುತಕ್ಕೂ ಮೊದಲು ಬಾಗಿಲು ಮುಚ್ಚುವುದು ಹುಡುಗಿಯರಿಗೇ. ಮೈಸೂರು ಮುಟ್ಟುವವರೆಗೆ ನನ್ನೊಳಗೆ ಜಗ್ಗಾಟ ನಡೆಯಿತು. ಕೊನೆಗೆ, ನನ್ನ ಮಗನಾಗಿದ್ದರೆ ನನಗೆ ಗೊತ್ತಾಗಬೇಕಿತ್ತಲ್ಲವೇ ಎಂಬ ಒಂದೇ ಮಾತು ಉಳಿಯಿತು.

ಎಂಟೂ ಮನೆಗೆ ಹೋದೆ. ಒಂದು ಮನೆಯಲ್ಲಿ ತಾಯಿ ಅತ್ತರು. ಒಂದು ಮನೆಯಲ್ಲಿ ಕಾಫಿ ಕೊಡಲಿಲ್ಲ. ಬ್ಯಾರನ್ ಕಾಯುವ ಹುಡುಗನ ಮನೆಗೆ ಕಡೆಯಲ್ಲಿ ಹೋದೆ. ಅವನ ತಂದೆ ಹಜಾರದಲ್ಲಿ ಕೂತು ಎಲೆ ವಿಂಗಡಿಸುತ್ತಿದ್ದರು. ಎಲ್ಲ ಹೇಳಿದೆ, ಇಪ್ಪತ್ತು ರೂಪಾಯಿ ಕೊಟ್ಟವನು ನಾನೇ ಎಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿಮ್ಗೆ ಗೊತ್ತಿರ್ನಿಲ್ಲ, ಅದು ಸರಿ ಸಾ. ಆದ್ರೆ ಬೆಂಕಿ ಇಟ್ಟೋನು ಮಲಗ್ಬಾರ್ದು’ ಎಂದರು. ಬೈಗುಳವಲ್ಲ ಅದು, ಅವರ ಕಸುಬಿನ ನಿಯಮ. ಮರುವರ್ಷ ಒಂದು ಮನೆಯವರು ಮಗಳನ್ನು ಪ್ರವಾಸಕ್ಕೆ ಕಳಿಸಲಿಲ್ಲ. ಅವಳು ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ನಿಜ ಹೇಳಿದ್ದಕ್ಕೆ ದಂಡ ತೆತ್ತವಳು ಅವಳು, ನಾನಲ್ಲ.

ಇಷ್ಟು ವರ್ಷಗಳ ಮೇಲೆ ಇದನ್ನೇಕೆ ಬರೆದೆ? ಅನಾಹುತದ ಸುದ್ದಿಗಳು ನಿಂತಿಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 24 ಮಂದಿ ಕೊಚ್ಚಿಹೋದರು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದು ದಡದಲ್ಲಿ ಫೋಟೋ ತೆಗೆಯುತ್ತಿದ್ದವರಿಗೆ ಗೊತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ಊಟಿ, ಕೊಡೈಕೆನಾಲ್ ಕಡೆ ಕೋಣೆಯೊಳಗೆ ಇದ್ದಲು ಇಟ್ಟು ಮಲಗಿ ಸತ್ತವರ ಸುದ್ದಿಯೂ ಬಂದಿದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಮಾಡುವುದೂ ಇದೇ ಕೆಲಸವನ್ನೇ.

ಆದ್ದರಿಂದ ಹೆತ್ತವರಲ್ಲಿ ಒಂದು ವಿನಂತಿ. ಚೀಟಿಗೆ ಸಹಿ ಹಾಕಿ, ಆದರೆ ಸಹಿಗೆ ಮೊದಲು ಕೇಳಿ. ಜೊತೆಗೆ ಎಷ್ಟು ಮೇಷ್ಟ್ರು, ಎಷ್ಟು ಮೇಡಂ? ರಾತ್ರಿ ಎಲ್ಲಿ ಉಳಿಯುತ್ತಾರೆ, ಒಂದು ಕೋಣೆಗೆ ಎಷ್ಟು ಜನ? ಬಿಸಿನೀರು ಯಾವುದರಿಂದ, ಬಚ್ಚಲಿಗೆ ಕಿಟಕಿ ಇದೆಯೇ? ನೀರಿಗೆ ಇಳಿಸುತ್ತಾರೆಯೇ? ಹತ್ತಿರದ ಆಸ್ಪತ್ರೆ ಯಾವುದು? ಹೊರಡುವ ಹೊತ್ತು ಯಾವುದು? ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಬಾರದೆಂಬ ನಿಯಮ 2009ರಲ್ಲಿ ಬಂತು, ತಡಮಾಡಿದ ಬಸ್ಸಿನ ಮಕ್ಕಳು ಗಡಿಯಲ್ಲೇ ರಾತ್ರಿ ಕಳೆಯಬೇಕಾಗುತ್ತದೆ. ಕೇಳಿದರೆ ಮೇಷ್ಟ್ರು ಬೇಸರಪಟ್ಟುಕೊಳ್ಳುತ್ತಾರೆ ಎಂದು ಹಿಂಜರಿಯಬೇಡಿ. ನನ್ನನ್ನು ಅಂದು ಒಬ್ಬರಾದರೂ ‘ಚಳಿಗೆ ಏನು ವ್ಯವಸ್ಥೆ?’ ಎಂದು ಕೇಳಿದ್ದರೆ ನಾನು ಹತ್ತು ಜನರನ್ನು ವಿಚಾರಿಸುತ್ತಿದ್ದೆ. ಕೇಳಿದವರು ಆ ತಾತ ಒಬ್ಬರೇ. ನಾನು ನಕ್ಕುಬಿಟ್ಟಿದ್ದೆ.

ಮಕ್ಕಳೇ, ನಿಮಗೂ ಒಂದು ಮಾತು. ತಲೆನೋವು, ವಾಂತಿ ಒಟ್ಟೊಟ್ಟಿಗೆ ಇಬ್ಬರಿಗೆ ಬಂದರೆ ಅದನ್ನು ‘ಬೆಟ್ಟದ ದಾರಿ’ ಎಂದು ತಳ್ಳಿಹಾಕಬೇಡಿ. ಮೊದಲು ಬಾಗಿಲು ತೆಗೆಯಿರಿ, ಹೊರಗೆ ಬನ್ನಿ, ಆಮೇಲೆ ಮೇಷ್ಟ್ರನ್ನು ಎಬ್ಬಿಸಿ. ಮೇಷ್ಟ್ರ ನಿದ್ದೆ ಕೆಡುತ್ತದೆ ಎಂದು ಯೋಚಿಸಬೇಡಿ.

ಆ ಹುಡುಗ ಈಗ ಅಪ್ಪನ ಹೊಲವನ್ನೇ ನೋಡಿಕೊಳ್ಳುತ್ತಿದ್ದಾನೆ. ಮೊನ್ನೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಮಗಳು ಕಾಲೇಜು ಸೇರಿದ್ದಾಳಂತೆ, ಪ್ರವಾಸದ ಚೀಟಿ ಬಂದಿದೆಯಂತೆ. ‘ಕಳಿಸ್ತೀಯಾ?’ ಎಂದೆ. ‘ಕಳುಸ್ತೀನಿ ಸಾ. ನಾನು ಹೋಗ್ದೆ ಇದ್ದಿದ್ರೆ ಆ ಕ್ಯಾರೆಟ್ ಅಜ್ಜಿ ಮಾತು ಎಲ್ ಕೇಳ್ತಿದ್ದೆ?’ ಎಂದ. ಸ್ವಲ್ಪ ತಡೆದು, ‘ಆದ್ರೆ ಮೇಷ್ಟ್ರ ತಾವ ಹೋಗಿ ರೂಮಿನ ಕಿಟಕಿ ವಿಚಾರ ಕೇಳ್ಕಂಡು ಬಂದೆ’ ಎಂದು ನಕ್ಕ.

ಬಸ್ಸು ಬಂತು. ಅವನು ಹತ್ತಿದ. ಹಳೆಯ ಅಭ್ಯಾಸ ನೋಡಿ, ಕಿಟಕಿಯಲ್ಲಿ ಕಂಡ ಅವನ ತಲೆಯನ್ನು ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ.